ವಿದ್ಯಾನಗರದಿಂದ ಬೆಂಗಳೂರಿಗೆ: ಒಂದೇ ದೂರ, ಹಲವು ಅಳತೆ

ಇಂದು ಹೊಸಪೇಟೆ ನಗರದೊಳಗೆ ಬೆರೆತುಹೋಗಿರುವ ಚಿತ್ತವಾಡ್ಗಿಯಿಂದ ಬೆಂಗಳೂರು ಎಷ್ಟು ದೂರ ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ತನ್ನದೇ ಅಳತೆಗೋಲಿನಿಂದ ಉತ್ತರ ಹೇಳಿದೆ. ರೈಲು ಬರುವ ಮೊದಲು ಕನ್ನಡನಾಡಿನಲ್ಲಿ ದಾರಿಯನ್ನು ಹರದಾರಿ, ಗಾವುದಗಳಲ್ಲಿ ಎಣಿಸುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ, ಗಾವುದವೆಂದರೆ ಅಂಥ ನಾಲ್ಕು ಹರದಾರಿ. ಕಾಲು ಸೋಲುವುದನ್ನೂ ಎತ್ತು ದಣಿಯುವುದನ್ನೂ ಬಲ್ಲ ಈ ಮಾನಗಳು ಸೀಮೆಯಿಂದ ಸೀಮೆಗೆ ಹಿಗ್ಗುತ್ತ ಕುಗ್ಗುತ್ತ ಇದ್ದವು. 1443ರಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನಿಗೂ ಆ ದಾರಿ ದಿನಗಟ್ಟಲೆಯ ಪಯಣವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹೊಸಪೇಟೆಯನ್ನು ಮುಟ್ಟಿದ ಮೇಲೆ ಈ ಲೆಕ್ಕ ಗಡಿಯಾರದ ವಶಕ್ಕೆ ಬಂತು. ಇಂದಿಗೂ ಹಂಪಿ ಎಕ್ಸ್‌ಪ್ರೆಸ್ ಮೊದಲು ಪೂರ್ವಕ್ಕೆ ಗುಂತಕಲ್ಲಿನವರೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗುವುದರಿಂದ ಬೆಂಗಳೂರು ಒಂದು ರಾತ್ರಿಯ ನಿದ್ದೆಯಷ್ಟು ದೂರದಲ್ಲಿದೆ.

ರೈಲಿನ ನಂತರ ಬಂದದ್ದು ವಿಮಾನದ ಅಳತೆ. ಹೊಸಪೇಟೆಗೆ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು ಕಟ್ಟಿದ ವಿಮಾನ ನಿಲ್ದಾಣಕ್ಕೆ ಕಾರ್ಖಾನೆಯ ವಸತಿ ಬಡಾವಣೆಯ ಹೆಸರಾದ ವಿದ್ಯಾನಗರವೆಂಬುದೇ ನಿಂತಿದೆ. ಹಂಪಿಯ ರಾಜಧಾನಿಗೂ ಅದೇ ಹೆಸರಿತ್ತೆಂಬುದು ಟಿಕೆಟ್ ಕೊಳ್ಳುವವರ ಗಮನಕ್ಕೆ ಬರುವುದು ಅಪರೂಪ. ಸಣ್ಣ ಊರುಗಳನ್ನು ಆಕಾಶಮಾರ್ಗಕ್ಕೆ ಜೋಡಿಸಲು ಕೇಂದ್ರ ಸರ್ಕಾರ ರೂಪಿಸಿದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಕಂಪನಿಯ ಎಟಿಆರ್-72 ವಿಮಾನಗಳು ಇಲ್ಲಿಗೆ ಬಂದವು. ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಿತಿಯನ್ನು ಅರ್ಧದಷ್ಟು ಸೀಟುಗಳಿಗೆ ಹಾಕಿದ ಆ ಯೋಜನೆಯಲ್ಲಿ ದೂರ, ಕಾಲ, ಹಣ ಮೂರೂ ಒಂದೇ ತಕ್ಕಡಿಗೆ ಬಂದವು.

ಭೂಮಿಯ ದುಂಡುಮೈಯ ಮೇಲೆ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಗೆ ಮಹಾವೃತ್ತ ದೂರವೆನ್ನುತ್ತಾರೆ. ಆ ಲೆಕ್ಕದಲ್ಲಿ ವಿದ್ಯಾನಗರದಿಂದ ದೇವನಹಳ್ಳಿಯಲ್ಲಿರುವ ಬೆಂಗಳೂರಿನ ನಿಲ್ದಾಣಕ್ಕೆ ಸುಮಾರು 250 ಕಿ.ಮೀ., ಹೈದರಾಬಾದಿಗೆ ಸುಮಾರು 300 ಕಿ.ಮೀ. ಗಂಟೆಗೆ 500 ಕಿ.ಮೀ.ಯಷ್ಟು ಸಾಗಬಲ್ಲ ಎಟಿಆರ್‌ಗೆ ಬೆಂಗಳೂರು ಅರ್ಧ ಗಂಟೆಯ ದಾರಿಯಾಗಬೇಕಿತ್ತು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತಿತ್ತು. ವಿಮಾನ ನಿಂತ ಜಾಗದಿಂದ ಕದಲಿ ಇನ್ನೊಂದು ನಿಲ್ದಾಣದಲ್ಲಿ ಗಾಲಿ ನಿಲ್ಲಿಸುವವರೆಗಿನ ಸಮಯವನ್ನೆಲ್ಲ, ಅಂದರೆ ಓಡುದಾರಿಗೆ ತೆವಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಇವೆಲ್ಲವನ್ನೂ ಸೇರಿಸಿ ಹೇಳುವ ಈ ಅವಧಿಗೆ ವಿಮಾನಯಾನದ ಮಾತಿನಲ್ಲಿ ಬ್ಲಾಕ್ ಟೈಮ್ ಎಂದು ಹೆಸರು. ಹಾರಾಟ ಚಿಕ್ಕದಾದಷ್ಟೂ ಅದರಲ್ಲಿ ನೆಲದ ಪಾಲು ದೊಡ್ಡದಾಗುತ್ತದೆ.

ಇನ್ನೂ ಒಂದು ವಿಚಿತ್ರವಿದೆ. 2008ರಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ಉತ್ತರಕ್ಕಿರುವ ದೇವನಹಳ್ಳಿಗೆ ಹೋದುದರಿಂದ, ಸುಮಾರು 270 ಕಿ.ಮೀ. ಆಗುತ್ತಿದ್ದ ಆಕಾಶದ ಅಂತರ ಇಪ್ಪತ್ತು ಕಿ.ಮೀ.ನಷ್ಟು ತಗ್ಗಿತು. ಆದರೆ ಅಲ್ಲಿಂದ ನಗರದೊಳಗಿನ ಮೆಜೆಸ್ಟಿಕ್ ತಲುಪಲು ಸುಮಾರು 35 ಕಿ.ಮೀ. ರಸ್ತೆ ಸವೆಸಬೇಕು, ಈ ಕಡೆ ಚಿತ್ತವಾಡ್ಗಿಯಿಂದ ತೋರಣಗಲ್ಲಿಗೂ ಅದಿರು ಲಾರಿಗಳ ನಡುವೆ ಮೂವತ್ತು ಕಿ.ಮೀ.ನಷ್ಟು ದಾರಿ. ಹೀಗೆ ಎರಡು ನಿಲ್ದಾಣಗಳು ಒಂದಕ್ಕೊಂದು ಹತ್ತಿರವಾದಾಗ ಅವುಗಳ ಊರುಗಳು ತುಸು ದೂರ ಸರಿದವು.