ಸಲಹೆಗಾರ ತನ್ನ ದನಿ ಕೇಳಿಸಿಕೊಂಡಾಗ

ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ನಾವು 'ಆಪ್ತಸಲಹೆ' ಎನ್ನುತ್ತೇವೆ. ಆ ಪದದಲ್ಲಿರುವ 'ಸಲಹೆ'ಯನ್ನೇ ಸಂಶಯದಿಂದ ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ವ್ಯಕ್ತಿಕೇಂದ್ರಿತ ಆಪ್ತಸಲಹೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅವರ ಸಿದ್ಧಾಂತದಿಂದ ಆರಂಭಿಸುತ್ತಾರೆ. ನನಗೆ ಅದು ಒಂದು ಸೋಲಿನಿಂದ, ಆಮೇಲೆ ಒಂದು ಯಂತ್ರದಿಂದ ಶುರುವಾಗುತ್ತದೆ ಅನ್ನಿಸುತ್ತದೆ.

1928ರಿಂದ ಹನ್ನೆರಡು ವರ್ಷ ರೋಜರ್ಸ್ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿ ಒಬ್ಬ ತುಂಟ ಹುಡುಗನ ತಾಯಿ ಬರುತ್ತಿದ್ದಳು. ಮಗನನ್ನು ಅವಳು ಎಳವೆಯಲ್ಲೇ ಒಲ್ಲದೆ ದೂರ ಮಾಡಿದ್ದೇ ಸಮಸ್ಯೆಯ ಬೇರು ಎಂದು ಇವರು ತೀರ್ಮಾನಿಸಿದ್ದರು. ಅದನ್ನು ಅವಳಿಗೆ ಮನಗಾಣಿಸಲು ವಾರಗಟ್ಟಲೆ ಹೆಣಗಿದರು. ಆಗಲಿಲ್ಲ. ಕೊನೆಗೆ, ಇನ್ನು ನಿಲ್ಲಿಸೋಣ ಎಂದರು. ಅವಳೂ ಒಪ್ಪಿ ಬಾಗಿಲವರೆಗೆ ಹೋದಳು. ಅಲ್ಲಿಂದ ತಿರುಗಿ, ಇಲ್ಲಿ ದೊಡ್ಡವರಿಗೂ ಸಹಾಯ ಮಾಡುತ್ತೀರಾ ಎಂದು ಕೇಳಿದಳು. ಮರಳಿ ಬಂದು ಕೂತು, ಮುರಿಯುತ್ತಿದ್ದ ತನ್ನ ದಾಂಪತ್ಯದ ಕಥೆಯನ್ನೆಲ್ಲ ಹೇಳಿಕೊಂಡಳು. ಮಗನ ಚೇತರಿಕೆ ಆರಂಭವಾದದ್ದು ಅಲ್ಲಿಂದ. ಎಲ್ಲಿ ನೋಯುತ್ತಿದೆ ಎಂಬುದು ನೋಯುವವರಿಗೇ ಗೊತ್ತು ಎಂಬ ಅರಿವು ತಮಗೆ ಬಂದದ್ದು ಹೀಗೆ ಎಂದು ರೋಜರ್ಸ್ ಮುಂದೆ ಬರೆದುಕೊಂಡರು.

1940ರಲ್ಲಿ ಅವರು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಬರ್ನಾರ್ಡ್ ಕಾವ್ನರ್ ಎಂಬ ವಿದ್ಯಾರ್ಥಿಯ ನೆರವಿನಿಂದ ಸಂದರ್ಶನಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸತೊಡಗಿದರು. ಅದು ಸುಲಭವಾಗಿರಲಿಲ್ಲ. ಕೆಲವೇ ನಿಮಿಷಕ್ಕೆ ತಟ್ಟೆಯ ಒಂದು ಮುಖ ತುಂಬಿಬಿಡುತ್ತಿತ್ತು.

ಇದು ಬರಿಯ ತಂತ್ರಜ್ಞಾನದ ಮಾತಲ್ಲ. ಅಲ್ಲಿಯವರೆಗೆ ಚಿಕಿತ್ಸೆಯ ಕೋಣೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಹೆಚ್ಚಾಗಿ ಚಿಕಿತ್ಸಕನ ನೆನಪೊಂದೇ. ಫ್ರಾಯ್ಡ್ ತಮ್ಮ ಪ್ರಸಿದ್ಧ ಪ್ರಕರಣಗಳನ್ನು ಬರೆದದ್ದೂ ನೆನಪಿನಿಂದ, ಟಿಪ್ಪಣಿಗಳಿಂದ. ಕಾವ್ನರ್ ಸಲಹೆಗಾರರ ಟಿಪ್ಪಣಿಗಳನ್ನು ಮುದ್ರಣದೊಂದಿಗೆ ಹೋಲಿಸಿ ನೋಡಿದಾಗ, ಬಿಟ್ಟುಹೋದದ್ದು ಬಹಳವಿತ್ತು. ನಾವು ದಾರಿ ತೋರಿಸುವುದಿಲ್ಲ, ಕೇಳಿಸಿಕೊಳ್ಳುತ್ತೇವೆ ಎಂದು ನಂಬಿದ್ದವರಿಗೆ ತಟ್ಟೆಯಲ್ಲಿ ಕೇಳಿಸಿದ್ದು ತಮ್ಮದೇ ಪ್ರಶ್ನೆಗಳ ಸುರಿಮಳೆ. ರೋಜರ್ಸ್ ಕೂಡ ಹಿಂದೊಮ್ಮೆ ತಾವೇ ಮೆಚ್ಚಿ ಪಾಠ ಮಾಡುತ್ತಿದ್ದ ಒಂದು ಸಂದರ್ಶನವನ್ನು ಕೆಲವು ವರ್ಷಗಳ ಮೇಲೆ ಓದಿ ಬೆಚ್ಚಿದ್ದರು. ಅದು ಅವರಿಗೆ ಚತುರ ವಕೀಲನೊಬ್ಬನ ಪಾಟೀಸವಾಲಿನಂತೆ ಕಂಡಿತ್ತು.

1942ರಲ್ಲಿ ಬಂದ ಅವರ ಪುಸ್ತಕದಲ್ಲಿ 'ರೋಗಿ' ಇಲ್ಲ, 'ಕ್ಲೈಂಟ್' ಇದ್ದಾನೆ. ಹರ್ಬರ್ಟ್ ಬ್ರಯಾನ್ ಎಂಬ ಕಲ್ಪಿತ ಹೆಸರಿನಲ್ಲಿ ಒಬ್ಬನ ಎಂಟು ಭೇಟಿಗಳ ಮಾತು ಅಲ್ಲಿ 150ಕ್ಕೂ ಹೆಚ್ಚು ಪುಟಗಳಲ್ಲಿ ಅಚ್ಚಾಗಿದೆ. ಸಲಹೆಗಾರ ಎಡವಿದ ಜಾಗಗಳೂ ಅಡಿಟಿಪ್ಪಣಿ ಸಮೇತ ಇವೆ. ಒಬ್ಬ ವೃತ್ತಿಪರ ತನ್ನ ಕೋಣೆಯ ಬಾಗಿಲನ್ನು ಹೀಗೆ ತೆರೆದಿಟ್ಟದ್ದು, ನನ್ನ ಮಟ್ಟಿಗೆ, 1957ರಲ್ಲಿ ಅವರು ಪಟ್ಟಿ ಮಾಡಿದ ಪ್ರಸಿದ್ಧ ಷರತ್ತುಗಳಿಗಿಂತ ದೊಡ್ಡ ಸಂಗತಿ.

ತಟ್ಟೆಗಳಿಂದ ಕೇಡೂ ಆಯಿತು. ಯಾವ ಉತ್ತರಕ್ಕೆ ಮಾತು ಅರಳುತ್ತದೆ, ಯಾವುದಕ್ಕೆ ಮುದುಡುತ್ತದೆ ಎಂದು ಆಲಿಸಿ ಕಲಿತದ್ದು ಬೇಗನೆ ಒಂದು ಗಿಳಿಪಾಠವಾಯಿತು: ಎದುರಿನವರು ಹೇಳಿದ್ದನ್ನೇ ತಿರುಗಿ ಹೇಳು, 'ಹೂಂ' ಅನ್ನು. ಈ ಅಣಕಕ್ಕೆ ಬೇಸತ್ತು ರೋಜರ್ಸ್ ಎಷ್ಟೋ ವರ್ಷ ಆಲಿಸುವಿಕೆಯ ಬಗ್ಗೆ ಹೆಚ್ಚು ಮಾತಾಡಲೇ ಇಲ್ಲ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ನಾನು ನನ್ನ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುತ್ತಿದ್ದೆ. ಬೀಡಿ ಕಟ್ಟುತ್ತಿದ್ದ ಒಬ್ಬ ಅಜ್ಜಿಯ ಸಂದರ್ಶನ. "ಆ ವರ್ಷವೇ ನನ್ನ ಮಗು ಹೋಯ್ತು" ಎನ್ನುತ್ತಾರೆ ಅಜ್ಜಿ. ಉಸಿರು ತೆಗೆದುಕೊಳ್ಳುವಷ್ಟು ಮೌನ. ಆಮೇಲೆ ನನ್ನ ದನಿ: "ಆಗ ಸಾವಿರ ಬೀಡಿಗೆ ಕೂಲಿ ಎಷ್ಟಿತ್ತು?"

ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ತೆಗೆದು ನೋಡಿದೆ. ಕೂಲಿಯ ಲೆಕ್ಕ ಇತ್ತು. ಮಗುವಿನ ವಿಷಯ ಇರಲಿಲ್ಲ.