ದಂಡಿಗೆ ಅನ್ನವಿಕ್ಕಿದವನ ಬಾಕಿ



ಯುದ್ಧಗಳ ಪಾಠ ಮಾಡುವಾಗ ನಾನು ನಿಮ್ಮಿಂದ ಇಸವಿಗಳನ್ನೂ ಸೇನಾಪತಿಗಳ ಹೆಸರುಗಳನ್ನೂ ಬಾಯಿಪಾಠ ಮಾಡಿಸಿದೆನೇ ಹೊರತು, ಆ ಸೈನಿಕರ ಹಿಟ್ಟು, ತುಪ್ಪ, ಎತ್ತುಗಳ ಮೇವು ಎಲ್ಲಿಂದ ಬರುತ್ತಿತ್ತೆಂದು ಒಮ್ಮೆಯೂ ಹೇಳಲಿಲ್ಲ. ಪಠ್ಯದಲ್ಲಿರಲಿಲ್ಲ ಎಂಬುದು ನೆಪ ಮಾತ್ರ.

ಆಗ್ರಾದ ಲಾಲಾ ಜೋತಿಪ್ರಸಾದ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ದಿನಸಿ ಒದಗಿಸುತ್ತಿದ್ದ ಬಹುದೊಡ್ಡ ಗುತ್ತಿಗೆದಾರ. 1839–42ರ ಆಫ್ಘನ್ ಯುದ್ಧ, 1843ರ ಗ್ವಾಲಿಯರ್ ದಂಡಯಾತ್ರೆ ಎರಡರಲ್ಲೂ ಆತನದೇ ಸರಬರಾಜು. 1848ರಲ್ಲಿ ಎರಡನೆಯ ಸಿಖ್ ಯುದ್ಧ ಬಂದಾಗ ಹಳೆಯ ಲೆಕ್ಕವೇ ತೀರಿರದ ಕಾರಣ ಆತ ಹಿಂಜರಿದನಂತೆ. ಬಾಕಿಯನ್ನೂ ತೀರಿಸುತ್ತೇವೆ, ಬಿರುದನ್ನೂ ಕೊಡುತ್ತೇವೆಂದು ಅಧಿಕಾರಿಗಳು ಒಪ್ಪಿಸಿದರು.

1849ರಲ್ಲಿ ಪಂಜಾಬ್ ಕಂಪನಿಯ ವಶವಾಯಿತು, ಯುದ್ಧ ಮುಗಿಯಿತು. ಇಂಥ ವ್ಯಾಪಾರದ ಕಷ್ಟವೇ ಇಲ್ಲಿದೆ. ದಂಡಿಗೆ ಧಾನ್ಯ ಬೇಡವಾಗುತ್ತದೆ; ಆದರೆ ಗುತ್ತಿಗೆದಾರ ಸಣ್ಣ ವರ್ತಕರಿಗೆ, ಗಾಡಿಯವರಿಗೆ ಮುಂಗಡ ಕೊಟ್ಟಾಗಿರುತ್ತದೆ. ಮುಂದಿನದೆಲ್ಲ ರಸೀದಿಗಳ ಜಗಳ. (ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿದವನು ಬಿಲ್ಲಿಗಾಗಿ ನಾಲ್ಕು ತಿಂಗಳು ಅಲೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆತ ಬಂದಾಗಲೆಲ್ಲ ನಾನು ತಲೆತಗ್ಗಿಸಿ ತರಗತಿಗೆ ಹೋಗುತ್ತಿದ್ದೆ.)

ಜೋತಿಪ್ರಸಾದನ ಹಕ್ಕು ಸುಮಾರು ಐದು ಲಕ್ಷ ಪೌಂಡ್, ಅಂದರೆ ಅಂದಿನ ಸುಮಾರು 50 ಲಕ್ಷ ರೂಪಾಯಿ. ಹಣ ಕೈಸೇರುವ ಬದಲು, ಸುಳ್ಳು ಲೆಕ್ಕದಿಂದ ವಂಚಿಸಿದನೆಂಬ ಆರೋಪ ಬಂತು. 1851ರಲ್ಲಿ ಆಗ್ರಾದಲ್ಲೇ ವಿಚಾರಣೆ. ಸಾಲ ತೀರಿಸಬೇಕಾದವರೇ ಸಾಲ ಕೊಟ್ಟವನನ್ನು ಕಟಕಟೆಯಲ್ಲಿ ನಿಲ್ಲಿಸಿದರು! ಆತನ ಪರ ವಾದಿಸಿದವನು ಆಸ್ಟ್ರೇಲಿಯದಲ್ಲಿ ಹುಟ್ಟಿದ ಬ್ಯಾರಿಸ್ಟರ್ ಜಾನ್ ಲ್ಯಾಂಗ್, ‘ಮೊಫಸಿಲೈಟ್’ ಪತ್ರಿಕೆಯ ಸಂಪಾದಕ. 1854ರಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿ ಸಲಹೆಗಾಗಿ ಕರೆಸಿಕೊಂಡದ್ದೂ ಈತನನ್ನೇ. ಲ್ಯಾಂಗ್ ಗೆದ್ದ; ಜೋತಿಪ್ರಸಾದ್ ನಿರ್ದೋಷಿಯೆಂದು ಬಿಡುಗಡೆಯಾದ.

ಆದರೆ ನನ್ನನ್ನು ಕಾಡುವುದು 1857ರ ಸಂಗತಿ. ದಂಗೆಯ ದಿನಗಳಲ್ಲಿ ಯುರೋಪಿಯನ್ನರು ಆಗ್ರಾ ಕೋಟೆಯೊಳಗೆ ಆಶ್ರಯ ಪಡೆದಾಗ ಅವರಿಗೆ ಆಹಾರ ಒದಗಿಸಿದವನು ಇದೇ ಜೋತಿಪ್ರಸಾದ್. ರಾಜನಿಷ್ಠೆಯೆಂದು ಆಂಗ್ಲರು ಹೊಗಳಿದರು. ನನಗೇಕೋ ಅಷ್ಟು ಸರಳವಾಗಿ ತೋರುವುದಿಲ್ಲ. ಕಂಪನಿಯೊಡನೆ ಅಷ್ಟು ವರ್ಷ ವ್ಯವಹರಿಸಿದ ಸಾಹುಕಾರನಿಗೆ ಕಂಪನಿಯೇ ಮುಳುಗಿದರೆ ತನ್ನ ಗತಿಯೇನೆಂಬ ಚಿಂತೆಯೂ ಇದ್ದಿರಬೇಕು. ನೀವೇನೆನ್ನುತ್ತೀರಿ? ಬರೆದು ತಿಳಿಸಿ.