ಸುಳಿ ನೋಡಿ ಬಾಜಿ ಕಟ್ಟಿದವರು

ಚಿಕ್ಕೋಡಿ-ನಿಪ್ಪಾಣಿ ಸೀಮೆಯ ಬೇಡಕಿಹಾಳದ ಸುತ್ತಮುತ್ತ ಜಾತ್ರೆ ಹತ್ತಿರ ಬಂತೆಂದರೆ ಗಾಡಾ ಶರ್ಯತ್ತಿನ ಮಾತು ತಾನಾಗಿ ಏಳುತ್ತದೆ. ಓಟಕ್ಕೆ ಇನ್ನೂ ಎಷ್ಟೋ ದಿನವಿರುವಾಗಲೇ ಚಹಾದಂಗಡಿಯ ಬೆಂಚಿನ ಮೇಲೆ ಅದರ ಫಲಿತಾಂಶ ತೀರ್ಮಾನವಾಗಿರುತ್ತದೆ. ಯಾರ ಜೋಡಿ ಎಷ್ಟು ಹಲ್ಲಿನದು, ಯಾವುದು ಬಾಯಿಗೂಡಿದ್ದು, ಗೊರಸು ಹೇಗಿದೆ, ಗಾಡಿ ಹೊಡೆಯುವವನು ಯಾರು, ನೆಲ ಮೆತ್ತಗಿದೆಯೋ ಗಟ್ಟಿಯೋ, ಎಲ್ಲದರ ಲೆಕ್ಕವೂ ಅಲ್ಲಿ ನಡೆಯುತ್ತದೆ. "ಹೋಗೂದ್ರಾಗ ಭಾಳ ಜೋರ ಐತಿ, ಹೊಳ್ಳಿ ಬರೂದ್ರಾಗ ದಮ್ಮ ಹತ್ತತೈತಿ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರೆ ಅದನ್ನು ಅಲ್ಲಗಳೆಯಲು ಧೈರ್ಯ ಬೇಕು. ಅವರ ಮಾತು ಸುಳ್ಳಾದರೂ ಮುಂದಿನ ವರ್ಷ ಅದೇ ಬೆಂಚಿನ ಮೇಲೆ ಅವರಿಗೆ ಅದೇ ಮರ್ಯಾದೆ ಸಿಗುತ್ತದೆ.

ಈ ಅಂದಾಜಿನಲ್ಲಿ ಎರಡು ಬಗೆಯಿದೆ. ಎತ್ತಿನ ಕಾಲು, ಎದೆ, ಉಸಿರು ನೋಡಿ ಹೇಳುವುದು ಒಂದು. ಮೈಮೇಲಿನ ಸುಳಿ ನೋಡಿ ಹೇಳುವುದು ಇನ್ನೊಂದು. ಇಂಥ ಕಡೆ ಸುಳಿ ಇದ್ದರೆ ಮನೆಗೆ ಏಳಿಗೆ, ಇಂಥ ಕಡೆ ಇದ್ದರೆ ಕೇಡು ಎಂಬ ನಂಬಿಕೆ ನಮ್ಮ ರೈತರಲ್ಲಿ ಹಳೆಯದು. ಸುಳಿಗೂ ಓಟಕ್ಕೂ ಸಂಬಂಧವಿದೆಯೆಂದು ಯಾವ ಪಶುವೈದ್ಯರೂ ಹೇಳಲಾರರು. ಆದರೆ ಸುಳಿಗೂ ಬೆಲೆಗೂ ಇರುವ ಸಂಬಂಧವನ್ನು ದನದ ಸಂತೆಗೆ ಹೋದ ಯಾರೂ ಅಲ್ಲಗಳೆಯಲಾರರು. ಒಳ್ಳೆಯ ಖಿಲಾರಿ ಹೋರಿಯೊಂದು ಕೆಟ್ಟ ಸುಳಿಯ ದೆಸೆಯಿಂದ ಕಡಿಮೆ ಬೆಲೆಗೆ ಹೋಗುವುದುಂಟು. ಕೊಂಡವನು ಮರುವರ್ಷ ಅದನ್ನೇ ಕಟ್ಟಿ ಶರ್ಯತ್ತು ಗೆದ್ದರೆ ಮಾರಿದವನು ಮಾತಾಡದೆ ಮನೆಗೆ ಹೋಗಬೇಕಾಗುತ್ತದೆ.

ಎತ್ತು-ಗಾಡಿಗಳಿಲ್ಲದ ಒಂದು ಓಟವಿದೆ. ಅದರಲ್ಲೂ ಸುಳಿ ನೋಡುವವರಿದ್ದಾರೆ. ಅಲ್ಲಿ ಪಣಕ್ಕಿಡುವುದು ಕೋಟಿಗಟ್ಟಲೆ ಹಣವನ್ನು, ಕೆಲವೊಮ್ಮೆ ನೂರಾರು ಜನರ ನೌಕರಿಯನ್ನು. ಪರದೆಯ ಮೇಲೆ ಕಾರು ಓಡಿಸುವ ವಿಡಿಯೊ ಗೇಮುಗಳ ವ್ಯಾಪಾರ ಅದು. ಯಾವ ಆಟಕ್ಕೆ ವಿಮರ್ಶಕರು ನೂರಕ್ಕೆ ಎಷ್ಟು ಅಂಕ ಕೊಟ್ಟಾರು, ಯಾವುದು ಎಷ್ಟು ಲಕ್ಷ ಪ್ರತಿ ಹೋದೀತು ಎಂದು ಮೊದಲೇ ಹೇಳುವುದು ಅಲ್ಲಿ ಒಂದು ವೃತ್ತಿಯಾಗಿಯೇ ಬೆಳೆದಿದೆ. ಅದರ ಚರಿತ್ರೆ ತಪ್ಪಿದ ಅಂದಾಜಿನಿಂದಲೇ ಆರಂಭವಾಗುತ್ತದೆ.

ಅಮೆರಿಕದ ಅಟಾರಿ ಕಂಪನಿ 1974ರಲ್ಲಿ 'ಗ್ರ್ಯಾನ್ ಟ್ರ್ಯಾಕ್ 10' ಎಂಬ ಯಂತ್ರವನ್ನು ಹೊರತಂದಿತು. ಸ್ಟೀರಿಂಗ್, ಗೇರು, ಕಾಲಡಿಗೆ ಪೆಡಲು ಎಲ್ಲವೂ ಇದ್ದ, ನಾಣ್ಯ ಹಾಕಿ ಆಡುವ ಪೆಟ್ಟಿಗೆ ಅದು. ಕಾರೋಟದ ವಿಡಿಯೊ ಆಟಗಳಿಗೆಲ್ಲ ಅದೇ ಮೂಲಪುರುಷ ಎನ್ನಬಹುದು. ಜನ ಮೆಚ್ಚಿದರು, ಅಂಗಡಿಯವರು ಕೊಂಡರು. ಆದರೂ ಕಂಪನಿ ನಷ್ಟದಲ್ಲಿ ಮುಳುಗಿತು! ಒಂದೊಂದು ಯಂತ್ರವನ್ನು ತಯಾರಿಸಲು 1,095 ಡಾಲರ್ ತಗಲುತ್ತಿತ್ತು. ಲೆಕ್ಕದಲ್ಲಾದ ಪ್ರಮಾದದಿಂದ ಅದನ್ನು 995 ಡಾಲರಿಗೆ ಮಾರಿದ್ದರು. ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಂಡರು. ನಮ್ಮ ಕಡೆ ಕಬ್ಬು ಬೆಳೆದು ಕಡಿಯುವ ಕೂಲಿಯೂ ಗಿಟ್ಟದೆ ಕೂತ ರೈತನಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ವರ್ಷಗಳ ಮೇಲೆ, 1982ರಲ್ಲಿ, ಜಪಾನಿನ ನಾಮ್ಕೊ ಕಂಪನಿಯಲ್ಲಿ ಎರಡು ಹೊಸ ಆಟಗಳು ಸಿದ್ಧವಾದವು. ಒಂದು 'ಮ್ಯಾಪಿ', ಪೊಲೀಸ್ ಇಲಿಯೊಂದು ಕಳ್ಳಬೆಕ್ಕುಗಳನ್ನು ಎದುರಿಸುವ ಆಟ. ಇನ್ನೊಂದು 'ಪೋಲ್ ಪೊಸಿಷನ್', ಕಾರೋಟ. ಅಮೆರಿಕದಲ್ಲಿ ಇವುಗಳನ್ನು ಹಂಚುವ ಹಕ್ಕಿಗೆ ಬ್ಯಾಲಿ-ಮಿಡ್ವೇ ಮತ್ತು ಅಟಾರಿ ಎಂಬ ಎರಡು ಕಂಪನಿಗಳಿದ್ದವು. ಮೊದಲ ಆಯ್ಕೆ ಸಿಕ್ಕ ಬ್ಯಾಲಿಯವರು, ಪಳಗಿದ ವ್ಯಾಪಾರಿಗಳು, ಇಲಿಯನ್ನು ಆರಿಸಿಕೊಂಡರು. ಉಳಿದ ಕಾರು ಅಟಾರಿಯ ಪಾಲಿಗೆ ಬಂತು. 1983ರಲ್ಲಿ ಅಮೆರಿಕದ ಆಟದಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಾಣ್ಯ ನುಂಗಿದ ಆಟಗಳ ಸಾಲಿನ ತಲೆಯಲ್ಲಿದ್ದುದು ಆ ಕಾರೇ. ಒಂಬತ್ತು ವರ್ಷದ ಹಿಂದೆ ಕಾರಿನಿಂದಲೇ ಕೈಸುಟ್ಟುಕೊಂಡಿದ್ದ ಅಟಾರಿಗೆ, ಬೇರೆಯವರು ಬೇಡವೆಂದು ಬಿಟ್ಟ ಕಾರೇ ಹಣ ತಂದುಕೊಟ್ಟಿತು.

ಅಲ್ಲಿಯವರೆಗೆ ಅಂದಾಜು ಎಂದರೆ ವ್ಯಾಪಾರಿಯ ಕಣ್ಣಳತೆ. ಅಂಕದ ಪದ್ಧತಿ ಬಂದದ್ದು ಪತ್ರಿಕೆಗಳಿಂದ. 1986ರಲ್ಲಿ ಆರಂಭವಾದ ಜಪಾನಿನ 'ಫಾಮಿತ್ಸು' ಪತ್ರಿಕೆ ಪ್ರತಿ ಆಟವನ್ನೂ ನಾಲ್ವರು ವಿಮರ್ಶಕರಿಗೆ ಕೊಟ್ಟು, ತಲಾ ಹತ್ತರಂತೆ ಒಟ್ಟು ನಲವತ್ತಕ್ಕೆ ಅಂಕ ಹಾಕಿಸುವ ಕ್ರಮದಿಂದ ಹೆಸರಾಯಿತು. ಬೇರೆ ಪತ್ರಿಕೆಗಳು ತಮತಮಗೆ ತೋಚಿದಂತೆ ಐದಕ್ಕೆ, ಹತ್ತಕ್ಕೆ, ನೂರಕ್ಕೆ ಅಂಕ ಕೊಡುತ್ತಿದ್ದವು. 2001ರಲ್ಲಿ ಅಮೆರಿಕದಲ್ಲಿ 'ಮೆಟಾಕ್ರಿಟಿಕ್' ಎಂಬ ವ್ಯವಸ್ಥೆ ಬಂದು ಇವನ್ನೆಲ್ಲ ನೂರರ ಅಳತೆಗೆ ಇಳಿಸಿ ಒಂದೇ ಸರಾಸರಿ ಕಟ್ಟತೊಡಗಿತು. ಎಲ್ಲ ವಿಮರ್ಶಕರಿಗೂ ಅದರಲ್ಲಿ ಸಮಾನ ತೂಕವಿಲ್ಲ. ಯಾರಿಗೆ ಎಷ್ಟು ತೂಕವೆಂಬುದನ್ನು ಅವರು ಬಿಟ್ಟುಕೊಡುವುದೂ ಇಲ್ಲ.

ಒಂದೇ ಅಂಕೆ ಸಿಕ್ಕಿದ್ದೇ ತಡ, ಎಲ್ಲರಿಗೂ ಅದು ಬೇಕಾಯಿತು. ಅಂಗಡಿಯವರು ಅದನ್ನು ನೋಡಿ ಸರಕು ತರಿಸಿದರು. ಷೇರುಪೇಟೆಯವರು ಅದನ್ನು ನೋಡಿ ಕಂಪನಿಯ ಬೆಲೆ ಕಟ್ಟಿದರು. ಕರಾರುಪತ್ರಗಳಿಗೂ ಅದು ನುಗ್ಗಿತು. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೆಗಾಸ್' ಎಂಬ ಆಟವನ್ನು ಮಾಡಿದವರಿಗೆ 85 ಅಂಕ ಬಂದರೆ ಮಾತ್ರ ಬೋನಸ್ಸು ಎಂಬ ಷರತ್ತಿತ್ತು. ಬಂದದ್ದು 84. ಆಟ ಲಕ್ಷಗಟ್ಟಲೆ ಮಾರಾಟವಾದರೂ ಒಂದು ಅಂಕದಿಂದ ಬೋನಸ್ಸು ಹೋಯಿತು. ಅದು ಕಾರೋಟದ ಆಟವಲ್ಲ, ಆದರೆ ಸುಳಿಯ ಮಹಿಮೆ ತಿಳಿಯಲು ಅದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ.

ಅಂಕಕ್ಕೆ ಇಷ್ಟು ಬಲ ಬಂದ ಮೇಲೆ ಅದನ್ನು ಮೊದಲೇ ಊಹಿಸಬಲ್ಲವರಿಗೂ ಬೆಲೆ ಬಂತು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಈಡಾರ್' ಎಂಬ ಸಂಸ್ಥೆ ಹುಟ್ಟಿದ್ದು ಇದಕ್ಕಾಗಿಯೇ. ಬಿಡುಗಡೆಯಾದ ಆಟಗಳ ಗುಣಲಕ್ಷಣಗಳನ್ನು ಬಿಡಿಬಿಡಿಯಾಗಿ ಪಟ್ಟಿಮಾಡಿ, ಅವುಗಳಿಂದ ಮುಂದಿನ ಆಟದ ಅಂಕವನ್ನೂ ಮಾರಾಟವನ್ನೂ ಅಂದಾಜು ಮಾಡಿ ಕಂಪನಿಗಳಿಗೆ ಮಾರುವುದು ಅದರ ಕಸುಬಾಗಿತ್ತು. ಇದೇ ಸಂಸ್ಥೆ 2010ರಲ್ಲಿ ಒಂದು ವಿಶ್ವವಿದ್ಯಾಲಯದ ಜೊತೆ ಕೂಡಿ ಸ್ವಾರಸ್ಯದ ಪರೀಕ್ಷೆಯೊಂದನ್ನು ನಡೆಸಿತು. ಒಂದೇ ಆಟವನ್ನು ಮೂರು ಗುಂಪಿನವರಿಗೆ ಆಡಲು ಕೊಟ್ಟರು. ಮೊದಲ ಗುಂಪಿಗೆ ಹೊಗಳಿಕೆಯ ವಿಮರ್ಶೆಗಳನ್ನೂ ಎರಡನೆಯದಕ್ಕೆ ತೆಗಳಿಕೆಯವನ್ನೂ ಮೊದಲೇ ಓದಿಸಿದರು. ಮೂರನೆಯದಕ್ಕೆ ಏನನ್ನೂ ತೋರಿಸಲಿಲ್ಲ. ಆಡಿದ ಮೇಲೆ ಅಂಕ ಕೇಳಿದರೆ ಮೊದಲನೆಯವರು ಸರಾಸರಿ 85, ಎರಡನೆಯವರು 71, ಏನೂ ಓದದವರು 79 ಕೊಟ್ಟರು. ಆಟ ಮಾತ್ರ ಒಂದೇ. ಕೆಟ್ಟ ಸುಳಿಯ ಎತ್ತು ಒಂದು ದಿನ ಮೇವು ಬಿಟ್ಟರೂ ಮನೆಯವರಿಗೆ ಸುಳಿಯೇ ನೆನಪಾಗುವುದಿಲ್ಲವೆ, ಹಾಗೆ.

ಹೀಗೆ ಅಂಕ, ಅಂದಾಜು ಎರಡೂ ಕೈಯಲ್ಲಿದ್ದ ಕಾಲದಲ್ಲೇ, ಅದೇ 2010ರ ಮೇ ತಿಂಗಳಲ್ಲಿ, ಕಾರೋಟದ ಎರಡು ಜೋಡಿಗಳು ಅಂಕಣಕ್ಕಿಳಿದವು. ಎರಡೂ ಇಂಗ್ಲೆಂಡಿನವು. ಬ್ರೈಟನ್ನಿನ ಬ್ಲ್ಯಾಕ್ ರಾಕ್ ಎಂಬ ತಂಡ ಡಿಸ್ನಿ ಕಂಪನಿಗೆ ಮಾಡಿಕೊಟ್ಟ 'ಸ್ಪ್ಲಿಟ್/ಸೆಕೆಂಡ್' ಒಂದು. ಓಡುತ್ತಿರುವಾಗಲೇ ಸೇತುವೆ ಕುಸಿಯುವ, ವಿಮಾನ ಬಂದು ರಸ್ತೆಗೇ ಬೀಳುವ ಆಟ. ಲಿವರ್‌ಪೂಲಿನ ಬಿಜಾರ್ ಕ್ರಿಯೇಷನ್ಸ್ ಎಂಬ ಹೆಸರಾಂತ ತಂಡ ಆಕ್ಟಿವಿಷನ್ ಕಂಪನಿಗಾಗಿ ಮಾಡಿದ 'ಬ್ಲರ್' ಇನ್ನೊಂದು. ಮಕ್ಕಳು ಆಡುವ 'ಮಾರಿಯೊ ಕಾರ್ಟ್'ನ ಗುದ್ದಾಟವನ್ನು ನಿಜವಾದ ಕಾರುಗಳಿಗೆ ತೊಡಿಸಿದ ಆಟ ಇದು. ಆ ಮಾರಿಯೊನನ್ನು ಗೇಲಿ ಮಾಡಿ ಟೆಲಿವಿಷನ್ ಜಾಹೀರಾತನ್ನೂ ಕೊಟ್ಟರು. ಎರಡಕ್ಕೂ ವಿಮರ್ಶಕರು ಎಂಬತ್ತರ ಆಸುಪಾಸಿನಲ್ಲಿ ಅಂಕ ಕೊಟ್ಟರು. ಒಳ್ಳೆಯ ಎರಡನೆಯ ದರ್ಜೆ ಎನ್ನಿ, ಹತ್ತಿರಹತ್ತಿರ ಮೊದಲ ದರ್ಜೆ.

ಎರಡೂ ಸೋತವು. ಒಂದೇ ಬಗೆಯ ಆಟಗಳು, ಒಂದೇ ಬಗೆಯ ಗಿರಾಕಿಗಳು, ನಡುವೆ ಒಂದೇ ವಾರದ ಅಂತರ. ಅದೂ ಸಾಲದೆಂಬಂತೆ, ಅಮೆರಿಕದಲ್ಲಿ 'ಸ್ಪ್ಲಿಟ್/ಸೆಕೆಂಡ್' ಬಂದ ಮೇ 18ರಂದೇ ರಾಕ್‌ಸ್ಟಾರ್ ಕಂಪನಿಯ 'ರೆಡ್ ಡೆಡ್ ರಿಡೆಂಪ್ಷನ್' ಎಂಬ ಕುದುರೆ-ಬಂದೂಕಿನ ಆಟವೂ ಬಂತು. ಜನರ ಕಿಸೆಯ ಹಣ ಆ ಕುದುರೆಯ ಬೆನ್ನು ಹತ್ತಿತು. ತಮ್ಮ ಎತ್ತಿನ ಹಲ್ಲು, ಗೊರಸು, ಸುಳಿ ಎಲ್ಲ ನೋಡಿದವರು ಪಕ್ಕದ ಗಾಡಿ ಯಾರದೆಂದು ನೋಡಿರಲಿಲ್ಲ ಎಂದೇ ನನ್ನ ಗ್ರಹಿಕೆ. ಸುಮಾರು 200 ಜನರಿದ್ದ ಬಿಜಾರ್ ತಂಡವನ್ನು 2011ರ ಫೆಬ್ರವರಿಯಲ್ಲಿ ಮುಚ್ಚಲಾಯಿತು. ಬ್ಲ್ಯಾಕ್ ರಾಕ್ ಅದೇ ವರ್ಷದ ನಡುವಿಗೆ ಬಾಗಿಲು ಹಾಕಿತು.

ಗೇಲಿಗೊಳಗಾದ ಮಾರಿಯೊನ ಕತೆ ಇನ್ನೊಂದು. 2008ರಲ್ಲಿ ಬಂದಿದ್ದ 'ಮಾರಿಯೊ ಕಾರ್ಟ್ ವೀ'ಗೆ ವಿಮರ್ಶಕರಿಂದ ಸಿಕ್ಕದ್ದು 82, ಅಂದರೆ ಮುಚ್ಚಿಹೋದ ಆ ಎರಡು ತಂಡಗಳ ಆಟಕ್ಕೆ ಸಿಕ್ಕಷ್ಟೇ. ಮಾರಾಟವಾದದ್ದು ಮಾತ್ರ 3 ಕೋಟಿ 70 ಲಕ್ಷಕ್ಕೂ ಹೆಚ್ಚು ಪ್ರತಿ. ಆಟದ ಜೊತೆಗೇ ಒಂದು ಪ್ಲಾಸ್ಟಿಕ್ ಸ್ಟೀರಿಂಗ್ ಚಕ್ರ ಕೊಡುತ್ತಿದ್ದರು. ಅದನ್ನು ಹಿಡಿದು ಅಜ್ಜಿಯೂ ಮೊಮ್ಮಗಳೂ ಜೊತೆಗೆ ಕೂತು ಆಡಬಹುದಿತ್ತು. ಒಬ್ಬನೇ ಕೂತು ಆಡಿ ಅಂಕ ಹಾಕುವ ವಿಮರ್ಶಕನ ಪಟ್ಟಿಯಲ್ಲಿ ಅಜ್ಜಿಗೆ ಜಾಗವಿರಲಿಲ್ಲ.

ಹಾಗೆಂದು ಅಂಕಕ್ಕೂ ಮಾರಾಟಕ್ಕೂ ಸಂಬಂಧವೇ ಇಲ್ಲವೆನ್ನುವುದೂ ತಪ್ಪಾಗುತ್ತದೆ. ಜಪಾನಿನ ಕಜುನೊರಿ ಯಮೌಚಿ ಐದು ವರ್ಷ ಹೆಣಗಿ 1997ರ ಡಿಸೆಂಬರಿನಲ್ಲಿ ಹೊರತಂದ 'ಗ್ರ್ಯಾನ್ ಟುರಿಸ್ಮೊ' 96 ಅಂಕವನ್ನೂ ಪಡೆಯಿತು, 1 ಕೋಟಿ 8 ಲಕ್ಷ ಪ್ರತಿಯನ್ನೂ ಮಾರಿತು. ಆದರೆ ಅದೇ ಸರಣಿಯ ಐದನೆಯ ಆಟ, ಹಲವು ಬಾರಿ ಮುಂದೂಡಿಸಿಕೊಂಡು 2010ರ ನವೆಂಬರ್ 24ರಂದು ಬಂದಾಗ, ಅಂಕ 84ಕ್ಕೆ ಇಳಿದಿತ್ತು. ಪ್ರತಿಸ್ಪರ್ಧಿಯಾದ ಮೈಕ್ರೊಸಾಫ್ಟಿನ 'ಫೋರ್ಜಾ 3' ಒಂದು ವರ್ಷ ಮೊದಲೇ 92 ಪಡೆದಿತ್ತು. ಆದರೂ 'ಗ್ರ್ಯಾನ್ ಟುರಿಸ್ಮೊ 5' ಒಂದು ಕೋಟಿಯನ್ನು ದಾಟಿತು. ಹಳೆಯ ಮನೆತನದ ಹೆಸರು ಹೊಸ ವಿಮರ್ಶೆಗಿಂತ ದೊಡ್ಡದಾಗಿ ನಡೆಯುವುದು ನಮ್ಮ ಚುನಾವಣೆಗಳಲ್ಲಿ ಮಾತ್ರವಲ್ಲ.

ನಮ್ಮ ನಾಡಿನ ಲೆಕ್ಕವೋ, ಈ ಯಾವ ಪುಸ್ತಕಕ್ಕೂ ಸಿಕ್ಕದ್ದು. 1990ರ ದಶಕದ ಕೊನೆಗೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಹುಡುಗರು ಆಡಿದ್ದು 'ರೋಡ್ ರ‍್ಯಾಶ್'. ಬೈಕಿನ ಮೇಲೆ ಹೋಗುತ್ತ ಪಕ್ಕದವನನ್ನು ಸರಪಳಿಯಿಂದ ಬಡಿಯುವ ಆಟ. ಬಹುಪಾಲು ಕಂಪ್ಯೂಟರುಗಳಲ್ಲಿದ್ದುದು ನಕಲು ಪ್ರತಿ. ಒಂದು ಇಡೀ ಪೀಳಿಗೆ ಆಡಿ ಬೆಳೆದ ಆ ಆಟ ಕಂಪನಿಯ ಮಾರಾಟದ ಖಾತೆಯಲ್ಲಿ ನಮ್ಮ ಹೆಸರಿಗೆ ಹೆಚ್ಚುಕಡಿಮೆ ಸೊನ್ನೆ. ಅದಕ್ಕೆ ಎಷ್ಟು ಅಂಕ ಬಂದಿತ್ತೆಂದು ಯಾವ ಹುಡುಗನೂ ಕೇಳಲಿಲ್ಲ.

ಆದರೆ ಈ ಓಟದ ಗಾಡಿ ಕಟ್ಟುವ ಬಡಗಿಗಳು ನಮ್ಮಲ್ಲೂ ಇದ್ದರು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ 'ಧ್ರುವ ಇಂಟರ್ಆಕ್ಟಿವ್' ಭಾರತದ ಅತ್ಯಂತ ಹಳೆಯ ಗೇಮ್ ಕಂಪನಿಗಳಲ್ಲೊಂದು. ಪರದೇಶದ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರಕೆಲಸ ಅಲ್ಲಿ ನಡೆಯುತ್ತಿತ್ತು. 'ಫೋರ್ಜಾ' ಸರಣಿಯ ಆಟಗಳಲ್ಲೂ ಅವರ ಕೈಕೆಲಸವಿದೆ. ಪರದೆಯ ಮೇಲೆ ಹೊಳೆಯುವ ಕಾರಿನ ಮೈ, ದೀಪ, ಒಳಗಿನ ಸೀಟಿನ ಹೊಲಿಗೆ, ಇವನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದುವ ಕೆಲಸ ಇದು.

2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಕಂಪನಿ ಧ್ರುವದ ಶೇಕಡಾ 90ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಂಡಿತು. ಆಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಮರುವರ್ಷದ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್ ತನ್ನದೇ ಒಂದು ದೊಡ್ಡ ಆಟವನ್ನು, ಹೆಣಗಳು ಎದ್ದು ಓಡಾಡುವ ಕತೆಯದನ್ನು, ಬಿಡುಗಡೆ ಮಾಡಿತು. ಅಂಕವೂ ಕೆಳಗೆ, ಮಾರಾಟವೂ ಅಂದಾಜಿಗಿಂತ ಬಹಳ ಕೆಳಗೆ. ಡಿಸೆಂಬರಿನ ಹೊತ್ತಿಗೆ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬೆಂಗಳೂರಿನವರು ಆ ಅಂದಾಜನ್ನು ಕಟ್ಟಿದವರಲ್ಲ. ಆದರೂ ಕೈಯಲ್ಲಿದ್ದುದನ್ನು ಮಾರಿ ಹಣ ಹೊಂದಿಸಬೇಕಾದಾಗ ಸ್ಟಾರ್‌ಬ್ರೀಜ್ ಮಾರಿದ್ದರಲ್ಲಿ ಧ್ರುವವೂ ಸೇರಿತ್ತು. 2019ರ ಮೇ ತಿಂಗಳಲ್ಲಿ ಸುಮಾರು 79 ಲಕ್ಷ ಡಾಲರಿಗೆ, ಅಂದರೆ ಕೊಂಡದ್ದಕ್ಕಿಂತ ಕಡಿಮೆಗೆ, ವ್ಯವಹಾರ ಮುಗಿಯಿತು. ಕೊಂಡವರು ರಾಕ್‌ಸ್ಟಾರ್, 2010ರ ಮೇ 18ರಂದು ಆ ಕುದುರೆಯನ್ನು ಬಿಟ್ಟವರೇ. ಧ್ರುವದ ಕೆಲಸಗಾರರು ರಾಕ್‌ಸ್ಟಾರಿನ ಬೆಂಗಳೂರು ಶಾಖೆಯಲ್ಲಿ ಸೇರಿಹೋದರು.

ಗಾಡಾ ಶರ್ಯತ್ತಿನ ಮಾತಿಗೆ ಮರಳುವುದಾದರೆ, ಆ ಚಹಾದಂಗಡಿಯ ಪಂಡಿತರ ಲೆಕ್ಕಕ್ಕೂ ಒಮ್ಮೆ ಹೊರಗಿನಿಂದಲೇ ಪೆಟ್ಟು ಬಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕ ಶಾಸನಸಭೆ ಕಂಬಳ ಮತ್ತು ಗಾಡಿ ಓಟಗಳನ್ನು ಉಳಿಸಿಕೊಳ್ಳಲು ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ನಡುವಿನ ವರ್ಷಗಳಲ್ಲಿ ಓಟದ ಹೋರಿಗಳನ್ನು ಮಾರಬೇಕೋ ಸಾಕಬೇಕೋ ಎಂಬ ಇಕ್ಕಟ್ಟಿನಲ್ಲಿ ಗಡಿಯ ಎರಡೂ ಕಡೆಯ ರೈತರಿದ್ದರು. ಮಾರಿದವರಿದ್ದಾರೆ, ಕಟ್ಟಿಕೊಂಡು ಮೇವು ಹಾಕಿದವರೂ ಇದ್ದಾರೆ. ಯಾವ ಸುಳಿಯಲ್ಲೂ ಅದು ಬರೆದಿರಲಿಲ್ಲ.